ವಾರದ ತೋರಾ ಭಾಗವನ್ನು ಭಾಷ್ಯಗಳೊಂದಿಗೆ ಓದುವುದು ಹೇಗೆ: ‘ಲೆಖ್ ಲೆಖಾ’ ಹಿಡಿದು ಒಂದು ಸಮಗ್ರ ಮಾರ್ಗದರ್ಶಿ

ಯಹೂದಿಯರು ತಮ್ಮ ಧರ್ಮಗ್ರಂಥದ ಮೊದಲ ಐದು ಪುಸ್ತಕಗಳಾದ ತೋರಾವನ್ನು ವಾರಕ್ಕೊಂದು ಭಾಗದಂತೆ ಓದುತ್ತಾರೆ. ಆ ವಾರದ ಭಾಗವನ್ನು ಯಹೂದಿ ಭಾಷ್ಯಗಳ ಜೊತೆಗಿಟ್ಟುಕೊಂಡು ಓದಲು ಹೊರಟವರಲ್ಲಿ ಹೆಚ್ಚಿನವರು ಮುಗ್ಗರಿಸುವುದು ಒಂದೇ ಜಾಗದಲ್ಲಿ. ಮೂಲದ ಮೇಲೆ ಒಮ್ಮೆ ಕಣ್ಣಾಡಿಸಿ ಕೂಡಲೇ ಭಾಷ್ಯಕ್ಕೆ ಕೈ ಹಾಕುತ್ತಾರೆ. ಅಲ್ಲಿ ಒಂದು ವಾಕ್ಯಕ್ಕೆ ಎಲ್ಲಿಂದಲೋ ತಂದ ಕಥೆ ಇರುತ್ತದೆ, ಮುಂದಿನದಕ್ಕೆ ಅರ್ಧ ಸಾಲಿನ ವ್ಯಾಕರಣ, ಅದರ ಮುಂದಿನದಕ್ಕೆ ಏನೂ ಇಲ್ಲ. ಮೂರನೆಯ ವಾರಕ್ಕೆ ಪುಸ್ತಕ ಕಪಾಟು ಸೇರುತ್ತದೆ.

ಭಾಷ್ಯಕಾರರು ಬರೆದಿರುವುದು ಉತ್ತರಗಳನ್ನು ಮಾತ್ರ. ಪ್ರಶ್ನೆಯನ್ನು ಅವರು ಬಹುಪಾಲು ಬರೆಯುವುದೇ ಇಲ್ಲ. ಮೂಲವನ್ನು ನಿಧಾನವಾಗಿ ಓದಿದವನಿಗೆ ಅದು ತಾನಾಗಿಯೇ ಹೊಳೆದಿರುತ್ತದೆ ಎಂಬ ನಂಬಿಕೆಯಲ್ಲಿ ಬರೆದವರು ಅವರು. ಪ್ರಶ್ನೆ ಸಿಗುವ ಮೊದಲೇ ಉತ್ತರ ಓದಿದರೆ ಅದು ಹುಚ್ಚು ಕಲ್ಪನೆಯಂತೆಯೇ ಕಾಣುತ್ತದೆ. ಆದ್ದರಿಂದ ಈ ಓದಿನಲ್ಲಿ ಹಂತಗಳ ಕ್ರಮವೇ ಮುಖ್ಯ. ಕೆಳಗಿನ ಹಂತಗಳಿಗೆ ಆದಿಕಾಂಡ 12:1ರಿಂದ 17:27ರವರೆಗಿನ ‘ಲೆಖ್ ಲೆಖಾ’ ಎಂಬ ಭಾಗವನ್ನು ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ. ಯಹೂದಿಯರ ಮೂಲಪುರುಷ ಅಬ್ರಾಮ (ಮುಂದೆ ಅಬ್ರಹಾಮ ಎಂದು ಹೆಸರಾದವನು) ಊರು ಬಿಟ್ಟು ಹೊರಡುವ ಕಥೆ ಅದು.

ಕೈಯಲ್ಲಿ ಇರಬೇಕಾದವು

ಕನ್ನಡ ಬೈಬಲಿನ ಹಳೆಯ ಒಡಂಬಡಿಕೆ ಮೊದಲ ಓದಿಗೆ ಸಾಕು. ಅದು ಕ್ರೈಸ್ತ ಅನುವಾದ ಎಂಬುದು ನೆನಪಿರಲಿ. ಅನುಮಾನ ಬಂದ ಕಡೆ ತಾಳೆ ನೋಡಲು ಯಹೂದಿ ವಿದ್ವಾಂಸರು ಮಾಡಿದ ಒಂದು ಇಂಗ್ಲಿಷ್ ಅನುವಾದ ಬೇಕು. ಭಾಷ್ಯಗಳಿಗೂ ಇಂಗ್ಲಿಷ್ ಅನುವಾದಗಳನ್ನೇ ಆಶ್ರಯಿಸಬೇಕಾಗುತ್ತದೆ. ಸೆಫಾರಿಯಾ ಎಂಬ ಉಚಿತ ಜಾಲತಾಣದಲ್ಲಿ ಒಂದು ವಾಕ್ಯವನ್ನು ಒತ್ತಿದರೆ ಅದರ ಮೇಲಿನ ಭಾಷ್ಯಗಳೆಲ್ಲ ಪಕ್ಕದಲ್ಲಿ ತೆರೆದುಕೊಳ್ಳುತ್ತವೆ. ಅನುಕೂಲವೇನೋ ದೊಡ್ಡದು, ಅಪಾಯವೂ ಅಷ್ಟೇ: ಆ ಪಕ್ಕದ ಅಂಕಣವನ್ನು ಮೂರನೆಯ ಹಂತ ಮುಗಿಯುವವರೆಗೆ ಮುಚ್ಚಿಡಿ.

ಮೂಲ ನಡುವೆ, ಅರಮಾಯಿಕ್ ಎಂಬ ಪ್ರಾಚೀನ ಭಾಷೆಯ ಅನುವಾದ ಮತ್ತು ಭಾಷ್ಯಗಳು ಸುತ್ತಲೂ ಇರುವ ಮುದ್ರಣಕ್ಕೆ ‘ಮಿಕ್ರಾಓತ್ ಗೆದೋಲೋತ್’ ಎನ್ನುತ್ತಾರೆ. ವೆನಿಸ್ಸಿನಲ್ಲಿ ಡೇನಿಯಲ್ ಬೊಂಬರ್ಗ್ ಎಂಬ ಕ್ರೈಸ್ತ ಮುದ್ರಕ 1516–17ರಲ್ಲಿ ಮೊದಲು ತಂದ ವಿನ್ಯಾಸ ಅದು. ಹೀಬ್ರೂ ಬಾರದವರು ಅದನ್ನು ಕೊಳ್ಳುವ ಅಗತ್ಯವಿಲ್ಲ. ಕೊಳ್ಳಲೇಬೇಕಾದದ್ದು ಒಂದು ನೋಟುಪುಸ್ತಕ. ಎಡಪುಟ ಪ್ರಶ್ನೆಗೆ, ಬಲಪುಟ ಉತ್ತರಕ್ಕೆ.

ಹಂತ 1: ಈ ವಾರದ ಭಾಗ ಯಾವುದೆಂದು ಖಚಿತ ಮಾಡಿಕೊಳ್ಳಿ

ತೋರಾದ ಐದು ಪುಸ್ತಕಗಳನ್ನು 54 ಭಾಗಗಳಾಗಿ ಹಂಚಿದ್ದಾರೆ. ಒಂದೊಂದು ಭಾಗಕ್ಕೂ ಪಾರಾಶಾ ಎಂದು ಹೆಸರು. ಸಿಮ್ಹಾತ್ ತೋರಾ ಹಬ್ಬದಂದು ಕೊನೆಯ ಭಾಗ ಮುಗಿದು ಅಂದೇ ಆದಿಕಾಂಡದ ಮೊದಲ ಸಾಲು ಮತ್ತೆ ಶುರುವಾಗುತ್ತದೆ. ‘ಲೆಖ್ ಲೆಖಾ’ ಮೂರನೆಯದು. ಅಕ್ಟೋಬರ್–ನವೆಂಬರ್ ಹೊತ್ತಿಗೆ ಬರುತ್ತದೆ. ವರ್ಷದ ಶನಿವಾರಗಳೆಲ್ಲ ಇದಕ್ಕೆ ಸಿಗುವುದಿಲ್ಲ. ಹಬ್ಬ ಬಿದ್ದ ಶನಿವಾರ ಬೇರೆ ಪಾಠ ಇರುತ್ತದೆ, ಹೀಗಾಗಿ ಅಧಿಕಮಾಸವಿಲ್ಲದ ವರ್ಷಗಳಲ್ಲಿ ಕೆಲವು ಭಾಗಗಳನ್ನು ಜೋಡಿ ಮಾಡಿ ಓದುತ್ತಾರೆ.

ಇಲ್ಲಿ ಸಾಮಾನ್ಯ ತಪ್ಪು ಎರಡು. ಮೊದಲನೆಯದು, ಮೊಬೈಲ್ ಪಂಚಾಂಗವನ್ನು ಇಸ್ರೇಲಿನ ಕ್ರಮಕ್ಕೆ ಇಟ್ಟುಕೊಂಡಿರುವುದು. ಪೆಸಾಹ್ ಹಬ್ಬವನ್ನು ಇಸ್ರೇಲಿನಲ್ಲಿ ಏಳು ದಿನ, ಹೊರಗೆ ಎಂಟು ದಿನ ಆಚರಿಸುತ್ತಾರೆ. ಆ ಎಂಟನೆಯ ದಿನ ಶನಿವಾರವಾದರೆ ಇಸ್ರೇಲಿನವರು ಮುಂದಿನ ಭಾಗಕ್ಕೆ ಹೋಗಿಬಿಡುತ್ತಾರೆ, ಉಳಿದವರು ಹಲವು ವಾರ ಒಂದು ಹೆಜ್ಜೆ ಹಿಂದೆ ನಡೆಯುತ್ತಾರೆ. ಭಾರತದಲ್ಲಿ ಕುಳಿತು ಓದುವವರು ಹೊರನಾಡಿನ ಕ್ರಮವನ್ನೇ ಆರಿಸಿಕೊಳ್ಳಬೇಕು.

ಎರಡನೆಯದು ವಾಕ್ಯಸಂಖ್ಯೆಯ ಗೊಂದಲ. ಅಧ್ಯಾಯ ವಿಂಗಡಣೆ ಕ್ರೈಸ್ತ ಮೂಲದ್ದು, ಪಾರಾಶಾ ವಿಂಗಡಣೆಗೆ ಅದರ ಹಂಗಿಲ್ಲ. ನೋಹನ ಭಾಗ ಆರನೆಯ ಅಧ್ಯಾಯದ ನಡುವೆ, 6:9ರಲ್ಲಿ, ಶುರುವಾಗುತ್ತದೆ. ಸಾಲದ್ದಕ್ಕೆ ಕೆಲವೆಡೆ ಹೀಬ್ರೂ ಎಣಿಕೆಗೂ ಕ್ರೈಸ್ತ ಮುದ್ರಣಗಳ ಎಣಿಕೆಗೂ ಒಂದೆರಡು ವಾಕ್ಯಗಳ ವ್ಯತ್ಯಾಸವಿದೆ. ‘ವಯಿಷ್ಲಾಹ್’ ಭಾಗ ಹೀಬ್ರೂವಿನಲ್ಲಿ ಆದಿಕಾಂಡ 32:4ಕ್ಕೆ ಆರಂಭವಾದರೆ ಕ್ರೈಸ್ತ ಎಣಿಕೆಯಲ್ಲಿ ಅದೇ ವಾಕ್ಯ 32:3. ಭಾಷ್ಯ ಒಂದು ವಿಷಯ ಹೇಳಿ ನಿಮ್ಮ ಬೈಬಲಿನ ವಾಕ್ಯ ಇನ್ನೊಂದು ಹೇಳುತ್ತಿದ್ದರೆ, ಭಾಷ್ಯಕಾರರನ್ನು ಸಂಶಯಿಸುವ ಮೊದಲು ಒಂದು ಸಾಲು ಹಿಂದೆ ಮುಂದೆ ನೋಡಿ.

ಹಂತ 2: ಭಾಷ್ಯ ಮುಟ್ಟದೆ ಮೂಲವನ್ನು ಎರಡು ಸಲ ಓದಿ

ಈ ಎರಡು ಸಲದ ಲೆಕ್ಕ ನನ್ನದಲ್ಲ. ವಾರದ ಭಾಗವನ್ನು ಸಮುದಾಯದ ಜೊತೆಜೊತೆಗೇ ಪೂರೈಸಬೇಕು, ಮೂಲ ಎರಡು ಬಾರಿ, ಅರಮಾಯಿಕ್ ಅನುವಾದ ಒಂದು ಬಾರಿ ಎಂದು ರಬ್ಬಿಗಳ, ಅಂದರೆ ಯಹೂದಿ ಧರ್ಮಗುರುಗಳ, ಚರ್ಚೆಗಳ ಸಂಗ್ರಹವಾದ ತಾಲ್ಮುದಿನ ಬೆರಾಖೋತ್ ಪ್ರಕರಣ (ಹಾಳೆ 8ಎ) ವಿಧಿಸುತ್ತದೆ. ಮೊದಲ ಓದಿನಲ್ಲಿ ಕಥೆ ಹಿಡಿಯಿರಿ. ಎರಡನೆಯದರಲ್ಲಿ ಕೈಯಲ್ಲಿ ಪೆನ್ಸಿಲ್ ಇರಲಿ.

ಸಭಾಮಂದಿರದಲ್ಲಿ ಶನಿವಾರದ ಓದು ಏಳು ತುಂಡುಗಳಲ್ಲಿ ನಡೆಯುತ್ತದೆ. ಲೆಖ್ ಲೆಖಾದ ತುಂಡುಗಳು ಹೀಗಿವೆ: 12:1–13, 12:14–13:4, 13:5–18, 14:1–20, 14:21–15:6, 15:7–17:6, 17:7–27. ಭಾನುವಾರದಿಂದ ದಿನಕ್ಕೊಂದರಂತೆ ಓದಿದರೆ ಶನಿವಾರಕ್ಕೆ ಮುಗಿಯುತ್ತದೆ. ಆರನೆಯ ತುಂಡು ಉದ್ದ. ಅದರಲ್ಲಿ ಅಬ್ರಾಮನ ಹೆಂಡತಿ ಸಾರಯಳ ದಾಸಿ ಹಾಗರಳ ಪ್ರಸಂಗವೂ ಇರುವುದರಿಂದ ಶುಕ್ರವಾರಕ್ಕೆ ಹೆಚ್ಚು ಬಿಡುವು ಇಟ್ಟುಕೊಳ್ಳಿ.

ಭಾಗದ ಮೊದಲ ಸಾಲಿಗಿಂತ ಹತ್ತು ವಾಕ್ಯ ಹಿಂದಿನಿಂದ ಶುರು ಮಾಡಿ. ಇದನ್ನು ಬಿಟ್ಟವರು ಅರ್ಧ ಪ್ರಶ್ನೆಗಳನ್ನು ಕಳೆದುಕೊಳ್ಳುತ್ತಾರೆ. 12:1ರಲ್ಲಿ ದೇವರು ಅಬ್ರಾಮನಿಗೆ ನಿನ್ನ ದೇಶ, ಬಂಧುಬಳಗ, ತಂದೆಯ ಮನೆ ಬಿಟ್ಟು ಹೊರಡು ಎನ್ನುತ್ತಾನೆ. ಆದರೆ 11:31ರಲ್ಲೇ ತಂದೆ ತೆರಹ ಮನೆಮಂದಿಯನ್ನು ಕಟ್ಟಿಕೊಂಡು ಊರ್ ಪಟ್ಟಣ ಬಿಟ್ಟು ಹಾರಾನಿಗೆ ಬಂದಾಗಿದೆ. ಬಿಟ್ಟಾದ ದೇಶವನ್ನು ಮತ್ತೆ ಬಿಡುವುದು ಹೇಗೆ? ಲೆಖ್ ಲೆಖಾವನ್ನು ಅದರ ಮೊದಲ ಸಾಲಿನಿಂದಲೇ ಓದಿದವರಿಗೆ ಈ ತೊಡಕು ಕಾಣುವುದೇ ಇಲ್ಲ.

ಅಂಕಿ ಕಂಡಲ್ಲಿ ಲೆಕ್ಕ ಹಾಕಿ. ಅಬ್ರಾಮ ಹುಟ್ಟಿದಾಗ ತೆರಹನಿಗೆ 70 ವರ್ಷ (11:26). ಹಾರಾನಿನಿಂದ ಹೊರಟಾಗ ಅಬ್ರಾಮನಿಗೆ 75 (12:4). ಅಂದರೆ ಆಗ ತೆರಹನಿಗೆ 145. ತೆರಹ ಸತ್ತದ್ದು 205ನೆಯ ವಯಸ್ಸಿನಲ್ಲಿ (11:32). ಹಾಗಾದರೆ ಮಗ ಮನೆ ಬಿಟ್ಟ ಮೇಲೂ ತಂದೆ 60 ವರ್ಷ ಬದುಕಿದ್ದ. ಆದರೂ ಗ್ರಂಥ ಅವನ ಸಾವನ್ನು ಮೊದಲು ಹೇಳಿ, ಮಗನ ಪಯಣವನ್ನು ಆಮೇಲೆ ಹೇಳುತ್ತದೆ. ಕೂಡಿಸಿ ಕಳೆದರೆ ಸಿಕ್ಕಿದ ಪ್ರಶ್ನೆ ಇದು. ಬರೆದಿಟ್ಟುಕೊಳ್ಳಿ, ನಾಲ್ಕನೆಯ ಹಂತದಲ್ಲಿ ಬೇಕಾಗುತ್ತದೆ.

ಹಂತ 3: ತೊಡಕುಗಳನ್ನು ಎಡಪುಟದಲ್ಲಿ ಪಟ್ಟಿ ಮಾಡಿ

ಯಾವುದು ತೊಡಕು, ಯಾವುದು ಬರಿಯ ಕುತೂಹಲ? ಅಬ್ರಾಮ ಯಾವ ಬಣ್ಣದ ಒಂಟೆ ಏರಿದ ಎಂಬುದು ಕುತೂಹಲ. ಭಾಷ್ಯಕಾರರು ಹಿಡಿಯುವ ತೊಡಕುಗಳು ಸಾಮಾನ್ಯವಾಗಿ ಅಕ್ಷರದಲ್ಲೇ ಇರುತ್ತವೆ: ಇಲ್ಲದಿದ್ದರೂ ನಡೆಯುತ್ತಿದ್ದ ಪದ, ಒಂದೇ ಮಾತಿನ ಪುನರುಕ್ತಿ, ಹಿಂದಿನ ವಾಕ್ಯಕ್ಕೆ ವಿರೋಧ, ತಿರುಗುಮುರುಗಾದ ಕ್ರಮ, ಕರ್ತೃ ಯಾರೆಂದು ತಿಳಿಯದ ಕ್ರಿಯಾಪದ, ಹೇಳಬೇಕಿದ್ದನ್ನು ಹೇಳದೆ ಬಿಟ್ಟ ಮೌನ.

ಮೊದಲ ಹತ್ತು ವಾಕ್ಯಗಳಲ್ಲೇ ನಿಮ್ಮ ಪಟ್ಟಿ ಹೀಗೆ ಬೆಳೆಯಬೇಕು. ಹೊರಡುವವನು ಮೊದಲು ದಾಟುವುದು ತಂದೆಯ ಮನೆಯ ಹೊಸ್ತಿಲು, ಆಮೇಲೆ ಬಂಧುಗಳ ಕೇರಿ, ಕೊನೆಗೆ ದೇಶದ ಗಡಿ. ವಾಕ್ಯದಲ್ಲಿ ಏಕೆ ಅದು ತಲೆಕೆಳಗಾಗಿದೆ? ಅಬ್ರಾಮನಿಗೆ 75 ತುಂಬುವವರೆಗೆ ಅವನು ಏನು ಮಾಡಿಕೊಂಡಿದ್ದ, ದೇವರು ಅವನನ್ನೇ ಏಕೆ ಆರಿಸಿದ? ಹಾರಾನಿನಲ್ಲಿ ಅವರು ‘ಮಾಡಿದ ಜೀವಗಳು’ (12:5) ಯಾರು? ಕನ್ನಡ ಓದುಗರಿಗೆ ಈ ಕೊನೆಯದು ಕಾಣಿಸದೆ ಹೋಗಬಹುದು, ಏಕೆಂದರೆ ಅನುವಾದಗಳು ಇಂಥ ಕಡೆ ‘ಸಂಪಾದಿಸಿದ ದಾಸದಾಸಿಯರು’ ಎಂದು ನಯಗೊಳಿಸಿಬಿಡುತ್ತವೆ. ಎರಡು ಅನುವಾದಗಳು ಒಂದೇ ವಾಕ್ಯದಲ್ಲಿ ಬೇರೆ ಬೇರೆ ದಾರಿ ಹಿಡಿದಿದ್ದರೆ ಅಲ್ಲಿ ಮೂಲ ಒರಟಾಗಿದೆ ಎಂದೇ ತಿಳಿಯಿರಿ. ಹೀಬ್ರೂ ಬಾರದವರಿಗೆ ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಗೊತ್ತಿಲ್ಲ.

ಪಟ್ಟಿ ಏಳೆಂಟಕ್ಕಿಂತ ಉದ್ದವಾಗುವುದು ಬೇಡ. ಒಂದೂ ಸಿಗದಿದ್ದರೆ ಓದು ಓಟವಾಗಿದೆ ಎಂದು ಅರ್ಥ. ಮುಂದಕ್ಕೆ ಹೋಗದೆ ಇನ್ನೊಮ್ಮೆ ಓದಿ.

ಹಂತ 4: ಈಗ ರಾಶಿ, ರಾಶಿ ಮಾತ್ರ

ರಬ್ಬಿ ಶ್ಲೋಮೋ ಯಿತ್ಸ್‌ಹಾಕಿ (1040–1105) ಎಂಬ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿದರೆ ರಾಶಿ. ಜನ್ಮಕುಂಡಲಿಗೂ ಇವರಿಗೂ ಸಂಬಂಧವಿಲ್ಲ. ಉತ್ತರ ಫ್ರಾನ್ಸಿನ ತ್ರ್ವಾ ಪಟ್ಟಣದವರು. ಅರಮಾಯಿಕ್ ಅನುವಾದದ ಬದಲು ರಾಶಿಯವರ ಭಾಷ್ಯ ಓದಿದರೂ ವಾರದ ವಿಧಿ ಪೂರೈಸಿದಂತೆ ಎಂದು ಶುಲ್ಹಾನ್ ಆರೂಖ್ ಎಂಬ ಧರ್ಮಸಂಹಿತೆ ಒಪ್ಪುತ್ತದೆ. ಬೇರೆ ಯಾರಿಂದಲೂ ಶುರು ಮಾಡಬೇಡಿ. ಮುಂದೆ ಬಂದವರೆಲ್ಲ ರಾಶಿಯವರನ್ನು ಓದಿಕೊಂಡೇ ಬರೆದವರು, ಅವರ ಅರ್ಧ ವಾದ ಇವರ ಜೊತೆಗಿನದು.

ನಮ್ಮ ಸಂಸ್ಕೃತ ಭಾಷ್ಯಗಳು ಪ್ರತೀಕ ಹಿಡಿದು ನಡೆಯುವಂತೆ ರಾಶಿಯವರೂ ಮೂಲದ ಒಂದೆರಡು ಪದಗಳನ್ನು ಎತ್ತಿ ಬರೆದು ಅದರ ಕೆಳಗೆ ಟಿಪ್ಪಣಿ ಕೊಡುತ್ತಾರೆ. ಆ ಪದಗಳ ಮೇಲೆ ಬೆರಳಿಡಿ. ಟಿಪ್ಪಣಿ ವಿಚಿತ್ರವಾಗಿ ಕಂಡಾಗಲೆಲ್ಲ ತೊಡಕು ಆ ಪದಗಳೊಳಗೇ ಇರುತ್ತದೆ. ಇಪ್ಪತ್ತನೆಯ ಶತಮಾನದಲ್ಲಿ ನೆಹಾಮಾ ಲೈಬೋವಿಟ್ಸ್ (1905–1997) ಎಂಬ ಅಧ್ಯಾಪಕಿ ದಶಕಗಳ ಕಾಲ ವಾರದ ಭಾಗದ ಪ್ರಶ್ನೆಪತ್ರಿಕೆಗಳನ್ನು ಅಂಚೆಯಲ್ಲಿ ಕಳಿಸಿ, ಬಂದ ಉತ್ತರಗಳನ್ನು ತಿದ್ದಿ ಮರಳಿಸುತ್ತಿದ್ದರು. ಅವುಗಳಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆ ಇದು: ಇಲ್ಲಿ ರಾಶಿಯವರನ್ನು ಕಾಡಿದ್ದು ಏನು? ನೀವೂ ಪ್ರತಿ ಟಿಪ್ಪಣಿಗೂ ಅದನ್ನೇ ಕೇಳಿ.

ತೆರಹನ ಲೆಕ್ಕಕ್ಕೆ ಬನ್ನಿ. ಗ್ರಂಥ ಅವನ ಸಾವನ್ನು ಮುಂಚೆಯೇ ಹೇಳಿದ್ದೇಕೆ? ಮುದಿ ತಂದೆಯನ್ನು ಬಿಟ್ಟುಹೋದ ಮಗ ಎಂದು ಅಬ್ರಾಮನ ಮೇಲೆ ಜನ ಮಾತಾಡದಿರಲಿ ಎಂದು ಗ್ರಂಥ ತೆರಹನನ್ನು ಸತ್ತವನೆಂದು ಕರೆಯಿತು, ದುಷ್ಟರು ಬದುಕಿದ್ದಾಗಲೂ ಸತ್ತವರೆನಿಸಿಕೊಳ್ಳುತ್ತಾರೆ ಎನ್ನುತ್ತಾರೆ ರಾಶಿ. ಲೆಕ್ಕ ಹಾಕದೆ ಇದನ್ನು ಓದಿದವರಿಗೆ, ತೆರಹನನ್ನು ಸುಮ್ಮನೆ ಬೈಯುತ್ತಿರುವಂತೆ ಕೇಳುತ್ತದೆ. ಆ 60 ವರ್ಷ ಗೊತ್ತಿದ್ದವರಿಗೆ, ಹೆತ್ತವರ ಸೇವೆ ದೊಡ್ಡದೋ ದೇವರ ಕರೆ ದೊಡ್ಡದೋ ಎಂಬ ಇಕ್ಕಟ್ಟನ್ನು ಮುಚ್ಚಿಡದೆ ಎತ್ತಿ ತೋರಿಸುತ್ತಿರುವುದು ಕಾಣುತ್ತದೆ.

ದೇಶ ಬಿಡುವ ತೊಡಕಿಗೆ ಅವರ ಉತ್ತರ ಚಿಕ್ಕದು: ಊರ್ ಬಿಟ್ಟದ್ದಾಯಿತು, ಈಗ ಇನ್ನೂ ದೂರ ಹೋಗು, ತಂದೆಯ ಮನೆಯನ್ನೂ ಬಿಡು. ‘ಮಾಡಿದ ಜೀವಗಳು’ ಎಂಬಲ್ಲಿ ಮಾತ್ರ ಎರಡು ಉತ್ತರ ಕೊಡುತ್ತಾರೆ. ಅಬ್ರಾಮ ಗಂಡಸರನ್ನೂ ಸಾರಯ ಹೆಂಗಸರನ್ನೂ ಏಕದೇವರ ನಂಬಿಕೆಗೆ ತಂದರು ಎಂಬುದು ಪರಂಪರೆಯ ಕಥೆ. ಕೊಂಡುಕೊಂಡ ದಾಸದಾಸಿಯರು ಎಂಬುದು ನೇರ ಅರ್ಥ. ರಾಶಿ ಎರಡು ವಿವರಣೆ ಕೊಟ್ಟಲ್ಲಿ ಸಾಮಾನ್ಯವಾಗಿ ಎರಡರಲ್ಲೂ ಒಂದೊಂದು ಕೊರತೆ ಇದೆ ಎಂದು ಹಿಡಿಯಬೇಕು. ಮೊದಲನೆಯದು ‘ಮಾಡಿದ’ ಎಂಬ ಕ್ರಿಯಾಪದಕ್ಕೆ ಹೊಂದುತ್ತದೆ, ಸಂದರ್ಭಕ್ಕೆ ಸ್ವಲ್ಪ ದೂರ. ಎರಡನೆಯದು ಸಂದರ್ಭಕ್ಕೆ ಹೊಂದುತ್ತದೆ, ಕ್ರಿಯಾಪದವನ್ನು ಎಳೆಯಬೇಕಾಗುತ್ತದೆ. ಈ ತೂಕವನ್ನು ಬಲಪುಟದಲ್ಲಿ ಒಂದು ಸಾಲಿನಲ್ಲಿ ಬರೆಯಿರಿ.

ಹಂತ 5: ಒಪ್ಪದವರನ್ನು ಕರೆಯಿರಿ

ಈ ಹಂತಕ್ಕೆ ಇಬ್ಬರು ಸಾಕು: ಅಬ್ರಹಾಮ್ ಇಬ್ನ್ ಎಜ್ರಾ ಮತ್ತು ರಾಂಬಾನ್. ಇಬ್ನ್ ಎಜ್ರಾ ಹನ್ನೆರಡನೆಯ ಶತಮಾನದ ಸ್ಪೇನಿನವರು, ವ್ಯಾಕರಣ ಬಲ್ಲವರು, ನಾಲಗೆ ಹರಿತ. ಜಿರೋನಾದ ರಾಂಬಾನ್ (1194–1270), ಅಂದರೆ ನಹ್ಮಾನಿಡೀಸ್, ರಾಶಿ ಮತ್ತು ಇಬ್ನ್ ಎಜ್ರಾ ಇಬ್ಬರನ್ನೂ ಎದುರಿಗಿಟ್ಟುಕೊಂಡು ಪುಟಗಟ್ಟಲೆ ವಾದಿಸುತ್ತಾರೆ. ಒಂದು ಎಚ್ಚರಿಕೆ: ರಾಂಬಾನ್ ಬೇರೆ, ರಾಂಬಾಮ್ ಬೇರೆ. ಮ್‌ನಲ್ಲಿ ಮುಗಿಯುವವರು ತತ್ತ್ವಜ್ಞಾನಿ ಮೈಮೊನಿಡೀಸ್. ತೋರಾಕ್ಕೆ ವಾಕ್ಯವಾಕ್ಯಕ್ಕೂ ಭಾಷ್ಯವನ್ನು ಅವರು ಬರೆದಿಲ್ಲ. ಹುಡುಕಾಟದಲ್ಲಿ ಒಂದಕ್ಷರ ತಪ್ಪಿದರೆ ಗಂಟೆಗಟ್ಟಲೆ ದಾರಿ ತಪ್ಪುತ್ತದೆ.

ಮೊದಲ ಸಾಲಿನ ತೊಡಕನ್ನೇ ಮೂವರಲ್ಲೂ ಹಿಂಬಾಲಿಸಿ. ದೇವರ ಮಾತು ಬಂದದ್ದು ಹಾರಾನಿನಲ್ಲಲ್ಲ, ಊರ್ ಪಟ್ಟಣದಲ್ಲಿದ್ದಾಗಲೇ. ಗ್ರಂಥ ಹಿಂದೆ ನಡೆದದ್ದನ್ನು ಈಗ ಹೇಳುತ್ತಿದೆ ಎನ್ನುತ್ತಾರೆ ಇಬ್ನ್ ಎಜ್ರಾ. ರಾಂಬಾನ್ ಒಪ್ಪುವುದಿಲ್ಲ. ಅಬ್ರಾಮನ ಹುಟ್ಟೂರು ಊರ್ ಅಲ್ಲವೇ ಅಲ್ಲ, ಅವನು ಹುಟ್ಟಿದ್ದು ಹಾರಾನಿನ ಸೀಮೆಯಲ್ಲಿ, ಆದ್ದರಿಂದ ‘ನಿನ್ನ ದೇಶ’ ಎಂದರೆ ಹಾರಾನೇ ಎಂದು ಅವರ ವಾದ. ಒಂದೇ ಪ್ರಶ್ನೆಗೆ ಮೂವರೂ ಬೇರೆ ಬೇರೆ ಜಾಗದಲ್ಲಿ ಕೈ ಹಾಕಿದ್ದನ್ನು ಗಮನಿಸಿ: ಒಬ್ಬರು ‘ಬಿಡು’ ಎಂಬುದರ ಅರ್ಥ ಹಿಗ್ಗಿಸಿದರು, ಒಬ್ಬರು ಕಾಲ ಬದಲಿಸಿದರು, ಒಬ್ಬರು ಭೂಗೋಳ ಬದಲಿಸಿದರು. ತೆರಹನ ವಿಷಯದಲ್ಲೂ ರಾಂಬಾನ್ ರಾಶಿಯವರ ಎದುರು ನಿಲ್ಲುತ್ತಾರೆ. ತಂದೆಯ ಕಥೆ ಮುಗಿಸಿ ಮಗನ ಕಥೆ ಶುರು ಮಾಡುವುದು ಗ್ರಂಥದ ಸಾಮಾನ್ಯ ರೂಢಿ, ಅದರಲ್ಲಿ ವಿಶೇಷವೇನೂ ಇಲ್ಲ ಎಂಬುದು ಅವರ ಮಾತು.

ಪರಂಪರೆಯ ಭಾಷ್ಯ ಎಂದರೆ ಪೂರ್ವಜರ ಗುಣಗಾನ ಎಂದುಕೊಂಡವರು 12:10ರಿಂದ ಮುಂದಿನ ಪ್ರಸಂಗವನ್ನು ಓದಬೇಕು. ಬರಗಾಲ ಬರುತ್ತದೆ, ಅಬ್ರಾಮ ಈಜಿಪ್ಟಿಗೆ ಇಳಿಯುತ್ತಾನೆ, ಹೆಂಡತಿಯನ್ನು ತಂಗಿಯೆಂದು ಹೇಳಿಸುತ್ತಾನೆ, ಫರೋಹ ಅವಳನ್ನು ಅರಮನೆಗೆ ಒಯ್ಯುತ್ತಾನೆ. ರಾಶಿಯವರಿಗೆ ಬರಗಾಲ ಒಂದು ಪರೀಕ್ಷೆ: ಹೋಗು ಎಂದ ದೇವರೇ ಈಗ ಆ ನೆಲ ಬಿಡಿಸುತ್ತಿದ್ದಾನೆ, ಅಬ್ರಾಮ ಗೊಣಗುತ್ತಾನೋ ಇಲ್ಲವೋ ನೋಡಲು. ರಾಂಬಾನ್ ಮುಲಾಜಿಲ್ಲದೆ ಬರೆಯುತ್ತಾರೆ: ನಮ್ಮ ಪಿತೃ ಅಬ್ರಹಾಮ ಅರಿವಿಲ್ಲದೆ ದೊಡ್ಡ ಪಾಪ ಮಾಡಿದ, ಸತಿಯನ್ನು ಸಂಕಟಕ್ಕೆ ಒಡ್ಡಿದ, ಬರಗಾಲಕ್ಕೆ ಹೆದರಿ ನೆಲ ಬಿಟ್ಟದ್ದೂ ತಪ್ಪು, ಅದರಿಂದಲೇ ಸಂತತಿಗೆ ಈಜಿಪ್ಟಿನ ಸೆರೆ ವಿಧಿಯಾಯಿತು. ಸಾರಯಳು ಹಾಗರಳನ್ನು ಪೀಡಿಸಿದಲ್ಲಿಯೂ (16:6) ಅವರು ಬಿಡುವುದಿಲ್ಲ. ನಮ್ಮ ತಾಯಿ ಪಾಪ ಮಾಡಿದಳು, ತಡೆಯದ ಅಬ್ರಹಾಮನೂ ಮಾಡಿದ ಎನ್ನುತ್ತಾರೆ. ನನ್ನ ಮಟ್ಟಿಗೆ ಇಡೀ ಭಾಗದಲ್ಲಿ ಅತ್ಯಂತ ಧೈರ್ಯದ ಸಾಲುಗಳು ಇವೇ.

ಇದೇ ರಾಂಬಾನ್ ಈ ಪ್ರಸಂಗದಲ್ಲೇ ಇನ್ನೊಂದು ಎಳೆಯನ್ನೂ ಹಿಡಿಯುತ್ತಾರೆ. ಬರ, ಈಜಿಪ್ಟಿಗೆ ಇಳಿಯುವುದು, ಫರೋಹನ ಮೇಲೆ ಬಾಧೆಗಳು, ಸಂಪತ್ತಿನೊಡನೆ ಹೊರಬರುವುದು: ವಿಮೋಚನಕಾಂಡದ ಇಡೀ ಕಥೆ ಇಲ್ಲಿ ಚಿಕ್ಕದಾಗಿ ಮೊದಲೇ ನಡೆದಿದೆ. ಪಿತೃಗಳ ನಡೆ ಮಕ್ಕಳಿಗೆ ಕುರುಹು ಎಂಬುದು ಅವರ ಸೂತ್ರ. ಆದಿಕಾಂಡವನ್ನು ಮುಂದೆ ಓದುವಾಗ ಇದು ಹತ್ತಾರು ಕಡೆ ಉಪಯೋಗಕ್ಕೆ ಬರುತ್ತದೆ.

ಕೆಲವೊಮ್ಮೆ ಭಾಷ್ಯಕಾರರು ಬಾಯಿ ಮುಚ್ಚಿಕೊಳ್ಳುತ್ತಾರೆ, ಅದನ್ನೂ ಓದಬೇಕು. ‘ಆಗ ಕಾನಾನ್ಯರು ಆ ದೇಶದಲ್ಲಿದ್ದರು’ (12:6) ಎಂಬಲ್ಲಿ ‘ಆಗ’ ಎಂದರೆ ಬರೆಯುವ ಹೊತ್ತಿಗೆ ಅವರು ಇರಲಿಲ್ಲವೇ ಎಂಬ ಅನುಮಾನ ಏಳುತ್ತದೆ, ಪರಂಪರೆಯ ಪ್ರಕಾರ ತೋರಾವನ್ನು ಬರೆದ ಮೋಶೆಯ ಕಾಲದಲ್ಲಿ ಅವರು ಇದ್ದೇ ಇದ್ದರು. ಕಾನಾನ್ಯರು ಆಗ ನೋಹನ ಮಗ ಶೇಮನ ವಂಶದಿಂದ ನೆಲ ಗೆಲ್ಲುತ್ತಿದ್ದರು ಎಂದು ರಾಶಿ ದಾಟುತ್ತಾರೆ. ಇಬ್ನ್ ಎಜ್ರಾ ಮಾತ್ರ, ಇದರಲ್ಲೊಂದು ಗುಟ್ಟಿದೆ, ತಿಳಿದವನು ಸುಮ್ಮನಿರುತ್ತಾನೆ ಎಂದು ನಿಲ್ಲಿಸಿಬಿಡುತ್ತಾರೆ. 1670ರಲ್ಲಿ ತತ್ತ್ವಜ್ಞಾನಿ ಸ್ಪಿನೋಜಾ ಆ ಗುಟ್ಟನ್ನು ಬೀದಿಗೆ ತಂದು, ಮೋಶೆ ಇದನ್ನು ಬರೆದಿಲ್ಲ ಎಂಬ ವಾದಕ್ಕೆ ಸಾಕ್ಷಿಯಾಗಿ ಹೂಡಿದ.

ಹಂತ 6: ಮಿದ್ರಾಷನ್ನು ಅದರ ಜಾಗದಲ್ಲಿ ಇಡಿ

ಅಬ್ರಾಮ ತಂದೆಯ ಅಂಗಡಿಯ ವಿಗ್ರಹಗಳನ್ನು ಒಡೆದ, ನಿಮ್ರೋದನೆಂಬ ರಾಜ ಅವನನ್ನು ಬೆಂಕಿಗೆ ನೂಕಿದ, ಅವನು ಬದುಕಿ ಬಂದ: ಈ ಕಥೆಯನ್ನು ಆದಿಕಾಂಡದಲ್ಲಿ ಹುಡುಕಿ ಸೋತವರು ಲೆಕ್ಕವಿಲ್ಲ. ಅದು ಅಲ್ಲಿಲ್ಲ. ಬೆರೇಶೀತ್ ರಬ್ಬಾ ಎಂಬ ಪ್ರಾಚೀನ ಮಿದ್ರಾಷ್ ಸಂಗ್ರಹದಲ್ಲಿ, ಅಂದರೆ ಮೂಲದ ಮೇಲೆ ರಬ್ಬಿಗಳು ಬೆಳೆಸಿದ ವ್ಯಾಖ್ಯಾನಕಥೆಗಳ ಸಂಗ್ರಹದಲ್ಲಿ, ಇದೆ. ಏಕೆ ಹುಟ್ಟಿತು? ಎಡಪುಟ ನೋಡಿ. ಅಬ್ರಾಮನಿಗೆ 75 ಆಗುವವರೆಗೆ ಗ್ರಂಥ ಮೌನ, ಅವನನ್ನು ಆರಿಸಿದ್ದಕ್ಕೆ ಕಾರಣವಿಲ್ಲ. ಆ ಖಾಲಿ ಜಾಗಕ್ಕೆ ಋಷಿತುಲ್ಯರಾದ ರಬ್ಬಿಗಳು ಕೊಟ್ಟ ಉತ್ತರ ಅದು. ಹೀಗೆ ಓದಿದಾಗ ಮಿದ್ರಾಷ್ ಅಡ್ಡಕಥೆಯಾಗಿ ಉಳಿಯುವುದಿಲ್ಲ.

ಮಿದ್ರಾಷನ್ನು ಚರಿತ್ರೆಯೆಂದು ಹಿಡಿಯುವುದೂ ತಪ್ಪು, ಅಜ್ಜಿಕಥೆಯೆಂದು ಎಸೆಯುವುದೂ ತಪ್ಪು. ಪರಂಪರೆಯೊಳಗೇ ಇದರ ಬಗ್ಗೆ ಜಗಳವಿದೆ. ಸೆರೆಯಾದ ತನ್ನ ಸೋದರನ ಮಗ ಲೋಟನನ್ನು ಬಿಡಿಸಲು ಅಬ್ರಾಮ 318 ಆಳುಗಳನ್ನು ಕರೆದೊಯ್ದ (14:14). ಹೀಬ್ರೂ ಅಕ್ಷರಗಳಿಗೆ ಸಂಖ್ಯಾಮೌಲ್ಯವಿದೆ. ಸೇವಕ ಎಲೀಯೆಜರನ ಹೆಸರಿನ ಅಕ್ಷರಗಳನ್ನು ಕೂಡಿದರೆ 1+30+10+70+7+200, ಸರಿಯಾಗಿ 318. ಹೋದವನು ಅವನೊಬ್ಬನೇ ಎಂಬ ತಾಲ್ಮುದಿನ ಮಾತನ್ನು ರಾಶಿ ಉಲ್ಲೇಖಿಸುತ್ತಾರೆ. ಗ್ರಂಥ ಅಕ್ಷರಗಣಿತದಲ್ಲಿ ಮಾತಾಡುವುದಿಲ್ಲ ಎಂದು ಇಬ್ನ್ ಎಜ್ರಾ ತಳ್ಳಿಹಾಕುತ್ತಾರೆ. ಇಬ್ಬರೂ ಶ್ರದ್ಧಾವಂತರೇ. ನೋಟಿನಲ್ಲಿ ಪ್ರತಿ ಉತ್ತರದ ಪಕ್ಕ ‘ನೇರ’ ಅಥವಾ ‘ಮಿದ್ರಾಷ್’ ಎಂದು ಗುರುತು ಹಾಕುವ ಅಭ್ಯಾಸ ಇಟ್ಟುಕೊಳ್ಳಿ.

ಹಂತ 7: ಕಾನೂನಿನ ಭಾಗ ಬಂದಾಗ ಪದ್ಧತಿ ಬದಲಿಸಿ

ಆದಿಕಾಂಡದ ಕಥೆಗಳನ್ನು ಸರಾಗವಾಗಿ ದಾಟಿದವರು ವಿಮೋಚನಕಾಂಡದ ‘ಮಿಷ್ಪಾಟೀಮ್’ನಲ್ಲಿ (21–24) ನಿಲ್ಲುತ್ತಾರೆ. ಅಲ್ಲಿ ‘ಕಣ್ಣಿಗೆ ಕಣ್ಣು’ (21:24) ಎಂದಿದೆ, ರಾಶಿ ಅದನ್ನು ಕಣ್ಣಿನ ಬೆಲೆಯ ಪರಿಹಾರ ಎನ್ನುತ್ತಾರೆ. ಇದು ಮುಜುಗರ ತಪ್ಪಿಸಿಕೊಳ್ಳುವ ಉಪಾಯ ಎಂದು ಓದುಗರು ಮುಖ ಸಿಂಡರಿಸುತ್ತಾರೆ.

ಕಾನೂನಿನ ವಾಕ್ಯಗಳಲ್ಲಿ ಭಾಷ್ಯಕಾರರು ಮೌಖಿಕ ಪರಂಪರೆಗೆ, ಅಂದರೆ ತಾಲ್ಮುದಿನ ನಿರ್ಣಯಕ್ಕೆ, ಬದ್ಧರು. ಆದ್ದರಿಂದ ಇಲ್ಲಿ ರಾಶಿಯವರ ಟಿಪ್ಪಣಿ ಓದಿದ ಮೇಲೆ ಅವರು ಆಧರಿಸಿದ ತಾಲ್ಮುದ್ ಭಾಗವನ್ನೂ ತೆರೆಯಬೇಕು. ಈ ವಿಷಯಕ್ಕೆ ಅದು ಬಾವಾ ಕಾಮಾ 83ಬಿಯಿಂದ ಮುಂದೆ. ಅಲ್ಲಿನ ಚರ್ಚೆ ಮೂಲದಿಂದಲೇ ಆಧಾರ ಹೆಕ್ಕುತ್ತದೆ: ಕೊಲೆಗಾರನ ಪ್ರಾಣಕ್ಕೆ ಈಡು ತೆಗೆದುಕೊಳ್ಳಬಾರದು ಎಂದು ಅರಣ್ಯಕಾಂಡ 35:31 ಹೇಳುತ್ತದೆ, ಪ್ರಾಣಕ್ಕೆ ಕೂಡದು ಎಂದರೆ ಅಂಗಕ್ಕೆ ಕೂಡುತ್ತದೆ. ಯಹೂದಿ ವಿದ್ವಾಂಸ ಸಾದಿಯಾ ಗಾಓನ್ (882–942) ಬೆನ್ ಜೂಟಾ ಎಂಬ ಎದುರಾಳಿಯ ಜೊತೆ ನಡೆಸಿದ ವಾದವನ್ನು ಇಬ್ನ್ ಎಜ್ರಾ ದಾಖಲಿಸಿದ್ದಾರೆ. ಒಬ್ಬನ ದೃಷ್ಟಿಯ ಮೂರನೆಯ ಒಂದು ಪಾಲು ಹೋಗಿದ್ದರೆ, ಹೆಚ್ಚೂ ಇಲ್ಲದೆ ಕಡಿಮೆಯೂ ಇಲ್ಲದೆ ಅಷ್ಟೇ ಏಟನ್ನು ಮರಳಿ ಕೊಡುವುದು ಹೇಗೆ ಎಂದು ಸಾದಿಯಾ ಕೇಳುತ್ತಾರೆ.

ನೇರ ಅರ್ಥಕ್ಕೂ ಆಚರಣೆಗೂ ಇರುವ ಅಂತರವನ್ನು ಬಚ್ಚಿಡದವರು ರಾಶಿಯವರ ಮೊಮ್ಮಗ ರಾಶ್ಬಾಮ್. ಕೈಮೇಲಿನ ಗುರುತು, ಕಣ್ಣುಗಳ ನಡುವಿನ ಜ್ಞಾಪಕ (ವಿಮೋಚನಕಾಂಡ 13:9) ಎಂಬಲ್ಲಿ ಪರಂಪರೆ ತೆಫಿಲ್ಲೀನ್ ಎಂಬ ಚರ್ಮದ ಪೆಟ್ಟಿಗೆಗಳನ್ನು ಕಾಣುತ್ತದೆ. ವಾಕ್ಯದ ಆಳದ ನೇರ ಅರ್ಥ ‘ಸದಾ ನೆನಪಿರಲಿ’ ಎಂಬುದಷ್ಟೇ ಎಂದು ರಾಶ್ಬಾಮ್ ಬರೆದರು, ಆಚರಣೆಯನ್ನು ಪ್ರಶ್ನಿಸದೆ. ಸಮಯ ಸಿಕ್ಕಿದ್ದರೆ ದಿನದಿನವೂ ಹೊಳೆಯುವ ನೇರ ಅರ್ಥಗಳಿಗೆ ತಕ್ಕಂತೆ ಹೊಸ ಭಾಷ್ಯ ಬರೆಯಬೇಕಿತ್ತು ಎಂದು ತಾತ ತಮ್ಮ ಬಳಿ ಒಪ್ಪಿಕೊಂಡದ್ದನ್ನೂ ಅವರೇ ದಾಖಲಿಸಿದ್ದಾರೆ.

ಇಸ್ರಾಯೇಲ್ಯರ ಆರಾಧನೆಯ ಗುಡಾರದ ಅಳತೆಗಳ ಭಾಗಗಳು (ವಿಮೋಚನಕಾಂಡ 25ರಿಂದ) ಬಂದಾಗ ಕಾಗದದ ಮೇಲೆ ಚಿತ್ರ ಬರೆದುಕೊಳ್ಳಿ. ಬೇರೆ ದಾರಿಯಿಲ್ಲ. ಅಲ್ಲಿ ಕೇಳಬೇಕಾದ ಒಂದು ದೊಡ್ಡ ಪ್ರಶ್ನೆ ಕ್ರಮದ್ದು: ಜನ ಚಿನ್ನದ ಕರುವನ್ನು ಮಾಡಿ ಪೂಜಿಸಿದ ಪಾಪ ಗುಡಾರದ ಆಜ್ಞೆಗಿಂತ ಮೊದಲೇ ನಡೆದದ್ದು ಎನ್ನುತ್ತಾರೆ ರಾಶಿ, ಬರೆದ ಕ್ರಮವೇ ನಡೆದ ಕ್ರಮ ಎನ್ನುತ್ತಾರೆ ರಾಂಬಾನ್. ಗುಡಾರ ಪಾಪಕ್ಕೆ ಮದ್ದೋ ಅಥವಾ ಮೊದಲಿನಿಂದಲೇ ಇದ್ದ ಉದ್ದೇಶವೋ ಎಂಬುದು ಇದರ ಮೇಲೆ ನಿಂತಿದೆ.

ಹಂತ 8: ಹಾಫ್ತಾರಾ

ಪ್ರತಿ ಭಾಗಕ್ಕೂ ಪ್ರವಾದಿಗಳ ಪುಸ್ತಕದಿಂದ ಒಂದು ಜೋಡಿಪಾಠ ಇದೆ. ಲೆಖ್ ಲೆಖಾಕ್ಕೆ ಯೆಶಾಯ 40:27–41:16. ಅದನ್ನು ಓದಿ ಕೊಂಡಿ ಎಲ್ಲಿದೆಯೆಂದು ಹುಡುಕಿ. 41:8ರಲ್ಲಿ ಅಬ್ರಹಾಮನ ಹೆಸರೇ ಇದೆ, ದೇವರ ಸ್ನೇಹಿತನೆಂದು. 41:2ರಲ್ಲಿ ಪೂರ್ವದಿಂದ ಎಬ್ಬಿಸಿದವನು ಯಾರು ಎಂಬುದು ಹೆಚ್ಚು ಸ್ವಾರಸ್ಯ: ರಾಶಿಯವರಿಗೆ ಅಬ್ರಹಾಮ, ಆಧುನಿಕ ವಿದ್ವಾಂಸರಲ್ಲಿ ಹೆಚ್ಚಿನವರಿಗೆ ಪರ್ಷಿಯದ ರಾಜ ಸೈರಸ್. ಅರ್ಧ ಗಂಟೆ ಸಾಕು.

ದಾರಿ ತಪ್ಪುತ್ತಿರುವ ಲಕ್ಷಣಗಳು

ಬಲಪುಟ ತುಂಬಿದೆ, ಎಡಪುಟ ಖಾಲಿ ಇದೆ ಎಂದಾದರೆ ನೀವು ಉತ್ತರಗಳನ್ನು ನಕಲು ಮಾಡುತ್ತಿದ್ದೀರಿ. ಮೂರನೆಯ ಹಂತಕ್ಕೆ ಮರಳಿ.

‘ಯಹೂದಿ ಧರ್ಮ ಹೀಗೆ ಹೇಳುತ್ತದೆ’ ಎಂದು ಬರೆದಿದ್ದರೆ ಹೊಡೆದುಹಾಕಿ, ಯಾರು ಹೇಳಿದರು ಎಂದು ಬರೆಯಿರಿ. ರಾಶಿ, ಇಬ್ನ್ ಎಜ್ರಾ, ರಾಂಬಾನ್ ಮೂವರನ್ನೂ ಕಲಸಿ ಒಮ್ಮತ ತೆಗೆಯುವುದು ನಮ್ಮಲ್ಲಿ ಬಹಳ ಜನರ ಚಪಲ. ಪುಟದ ಮೇಲೆ ಅವರನ್ನು ಅಕ್ಕಪಕ್ಕ ಕೂರಿಸಿದ್ದೇ ಜಗಳ ಕೇಳಿಸಲಿ ಎಂದು.

ಕ್ರೈಸ್ತ ಹಿನ್ನೆಲೆಯವರು 15:6ರಲ್ಲಿ ಹುಷಾರಾಗಿರಬೇಕು. ಅಬ್ರಾಮ ದೇವರನ್ನು ನಂಬಿದ, ದೇವರು ಅದನ್ನು ನೀತಿಯೆಂದು ಎಣಿಸಿದ ಎಂಬ ಓದು ಪೌಲನ ಪತ್ರಗಳಿಂದ ಕಿವಿಗೆ ಒಗ್ಗಿಹೋಗಿದೆ. ಹೀಬ್ರೂ ವಾಕ್ಯದಲ್ಲಿ ಎಣಿಸಿದವನು ಯಾರೆಂದು ಹೆಸರಿಲ್ಲ. ರಾಶಿ ದೇವರೆಂದೇ ಓದುತ್ತಾರೆ. ರಾಂಬಾನ್ ತಿರುಗಿಸುತ್ತಾರೆ: ಪ್ರವಾದಿಯಾದವನು ದೇವರ ಮಾತು ನಂಬುವುದರಲ್ಲಿ ಹೆಚ್ಚುಗಾರಿಕೆ ಏನಿದೆ? ಸಂತಾನದ ವಾಗ್ದಾನವನ್ನು ಅಬ್ರಾಮನೇ ದೇವರ ಔದಾರ್ಯವೆಂದು ಎಣಿಸಿದ. ಇಂಥ ಕಡೆ ಹಳೆಯ ಪರಿಚಯವೇ ಕಣ್ಣಿಗೆ ಅಡ್ಡ.

ಯಹೂದಿ ಗೆಳೆಯರ ಜೊತೆ ಕೂತು ಓದುವವರಿಗೆ ಇನ್ನೊಂದು ಮಾತು. ಕನ್ನಡ ಬೈಬಲಿನಲ್ಲಿ ‘ಯೆಹೋವ’ ಎಂದು ಅಚ್ಚಾದ ಹೆಸರನ್ನು ಅವರು ಉಚ್ಚರಿಸುವುದಿಲ್ಲ. ಪ್ರಾರ್ಥನೆಯಲ್ಲಿ ‘ಅದೋನಾಯ್’, ಮಾತಿನಲ್ಲಿ ‘ಹಾಷೆಮ್’ ಎನ್ನುತ್ತಾರೆ. ಗಟ್ಟಿಯಾಗಿ ಓದುವಾಗ ‘ದೇವರು’ ಎಂದರೆ ಸಾಕು.

ವಾರ ಕೈತಪ್ಪಿದರೆ

ಬಾಕಿ ಉಳಿದದ್ದನ್ನು ಹೊತ್ತುಕೊಂಡು ಹೊಸ ವಾರಕ್ಕೆ ಹೋದವರು ಎರಡನ್ನೂ ಮುಗಿಸುವುದಿಲ್ಲ. ಶುಲ್ಹಾನ್ ಆರೂಖ್ ಇದಕ್ಕೂ ದಾರಿ ಇಟ್ಟಿದೆ. ಶನಿವಾರದ ಊಟಕ್ಕೆ ಮೊದಲು ಮುಗಿಸುವುದು ಉತ್ತಮ, ಆಗದಿದ್ದರೆ ಅಂದಿನ ಮಧ್ಯಾಹ್ನದ ಪ್ರಾರ್ಥನೆಯವರೆಗೆ, ಮುಂದಿನ ಬುಧವಾರದವರೆಗೆ ಆಗಬಹುದು ಎಂಬ ಅಭಿಪ್ರಾಯವೂ ಇದೆ, ಸಮುದಾಯ ಇಡೀ ತೋರಾವನ್ನು ಮುಗಿಸುವ ಹಬ್ಬದವರೆಗೆ ಎಂಬುದೂ ಇದೆ. ಹೊಸಬರಿಗೆ ನನ್ನ ಸಲಹೆ ಇನ್ನೂ ಸಡಿಲ: ಬುಧವಾರ ದಾಟಿದರೆ ಹಳೆಯ ಭಾಗವನ್ನು ಅಲ್ಲೇ ಬಿಟ್ಟು ಈ ವಾರದ್ದಕ್ಕೆ ಬನ್ನಿ. ಇಡೀ ಭಾಗಕ್ಕೆ ಸಮಯವಿಲ್ಲದ ವಾರದಲ್ಲಿ ಮೊದಲ ತುಂಡನ್ನಷ್ಟೇ ತೆಗೆದುಕೊಂಡು, ಅದರ ಮೇಲೆ ಒಂದರಿಂದ ಐದರವರೆಗಿನ ಹಂತಗಳನ್ನು ಪೂರ್ತಿ ಮಾಡಿ. ಉಳಿದ ಆರು ತುಂಡುಗಳನ್ನು ಮುಂದಿನ ವರ್ಷಗಳಿಗೆ ಹಂಚಿಕೊಳ್ಳಬಹುದು. ನೋಟುಪುಸ್ತಕದಲ್ಲಿ ಪ್ರತಿ ಭಾಗಕ್ಕೂ ನಾಲ್ಕೈದು ಖಾಲಿ ಹಾಳೆ ಬಿಟ್ಟಿರಿ.